ಮುಕ್ತ ತಂತ್ರಾಂಶ, ವ್ಯಾಪಾರ, ಕೂಲಿ: ರೊಕ್ಕ ಕೊಡುವ ನಾಲ್ಕು ದಾರಿಗಳ ಹೋಲಿಕೆ

2025ರ ಸೆಪ್ಟೆಂಬರ್ 21ರ ರಾತ್ರಿಯವರೆಗೆ 1,200 ರೂಪಾಯಿಯ ಜೀನ್ಸ್ ಪ್ಯಾಂಟಿಗೆ ಜಿಎಸ್‌ಟಿ ಶೇ 12 ಇತ್ತು. 22ರ ಬೆಳಿಗ್ಗೆಯಿಂದ ಶೇ 5. ಸಾವಿರ ರೂಪಾಯಿಗೆ ಇದ್ದ ಗಡಿ ಎರಡೂವರೆ ಸಾವಿರಕ್ಕೆ ಏರಿತು, ಅದನ್ನು ದಾಟಿದ ಉಡುಪಿಗೆ ಶೇ 18 ಆಯಿತು. ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಬಿಲ್ ಹಾಕುವುದು ಮುಕ್ತ ತಂತ್ರಾಂಶದಲ್ಲಿ, ಅಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶದಲ್ಲಿ ಎಂದುಕೊಳ್ಳಿ. ಆ ರಾತ್ರಿ ಯಾರೋ ಒಬ್ಬರು ಕೂತು ಅದರ ತೆರಿಗೆ ಪಟ್ಟಿ ತಿದ್ದಿರಬೇಕು. ಹಳೆಯ ಬಿಲ್ಲಿನ ಮಾಲು ವಾಪಸು ಬಂದರೆ ಕ್ರೆಡಿಟ್ ನೋಟಿಗೆ ಹಳೆಯ ದರವೇ ಬೀಳಬೇಕು, ಹೊಸ ಬಿಲ್ಲಿಗೆ ಹೊಸ ದರ ಬೀಳಬೇಕು. ದರವನ್ನು ದಿನಾಂಕದ ಜತೆ ಕಟ್ಟದೆ ಬರೀ ಅಂಕಿ ಬದಲಿಸಿದರೆ ಹಿಂದಿನ ತಿಂಗಳ ಲೆಕ್ಕವೆಲ್ಲ ಕೆಡುತ್ತದೆ. ಇಂಥ ಕೆಲಸಕ್ಕೆ ಕೂಲಿ ಕೊಡುವವರು ಯಾರು, ಯಾವ ಲೆಕ್ಕದಲ್ಲಿ ಕೊಡಬೇಕು ಎಂಬುದನ್ನು ಇಲ್ಲಿ ಹೋಲಿಸಿ ನೋಡೋಣ. ತಂತ್ರಾಂಶ ಬರೆಯುವವರಿಗೂ ಅದನ್ನು ಇಟ್ಟುಕೊಂಡು ವ್ಯಾಪಾರ ಮಾಡುವವರಿಗೂ ಇದು ಬೇಕಾದ ಲೆಕ್ಕ.

ಪುಕ್ಕಟೆ ಬೇರೆ, ಮುಕ್ತ ಬೇರೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ನಮ್ಮ ಕಡೆಯ ರೈಸ್ ಮಿಲ್ಲು, ದಲಾಲಿ ಅಂಗಡಿ, ಗಾರ್ಮೆಂಟ್ ಘಟಕಗಳಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಪುಕ್ಕಟೆ ಸಿಗೋದಕ್ಕ ರೊಕ್ಕ ಯಾಕ ಕೊಡಬೇಕು?" ಪ್ರಶ್ನೆ ಸಹಜವಾದದ್ದೇ. ಪುಕ್ಕಟೆ ಎಂದರೆ ಬೆಲೆ ಇಲ್ಲದ್ದು, ಮುಕ್ತ ಎಂದರೆ ಕಟ್ಟಿಲ್ಲದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ "ಫ್ರೀ" ಎಂಬ ಒಂದೇ ಪದ ಇರುವುದರಿಂದ ಅಲ್ಲಿ ಈ ಗೊಂದಲ ಇನ್ನೂ ಮುಗಿದಿಲ್ಲ. ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ, ಅವನ್ನು ಬಳಸಿಕೊಂಡರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶ ಚಳವಳಿಗೆ ನಾಂದಿಯಾದ ಗ್ನೂ ಯೋಜನೆ ಘೋಷಿಸಿದರು. ಮುಂದೆ ಆ ಚಳವಳಿ ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳನ್ನು ಹೇಳಿತು: ಯಾವ ಉದ್ದೇಶಕ್ಕಾದರೂ ಓಡಿಸುವುದು, ಮೂಲ ಕೋಡ್ (ತಂತ್ರಾಂಶವನ್ನು ಬರೆದ ಮೂಲ ಪಠ್ಯ) ಓದಿ ತಿದ್ದುವುದು, ಪ್ರತಿ ಹಂಚುವುದು, ತಿದ್ದಿದ್ದನ್ನೂ ಹಂಚುವುದು. ಮೊದಲನೆಯದರಲ್ಲಿ ವ್ಯಾಪಾರವೂ ಸೇರಿದೆ. ಹಾಗಾಗಿ "ಮನೆಗಾದರೆ ಬಿಟ್ಟಿ, ಅಂಗಡಿಗಾದರೆ ಹಣ" ಎಂದು ಪರವಾನಗಿಯಲ್ಲಿ ಬರೆದ ಕ್ಷಣ ಅದು ಮುಕ್ತ ತಂತ್ರಾಂಶವಾಗಿ ಉಳಿಯುವುದಿಲ್ಲ.

ಹಾಗೆಂದು ಹಣ ತೆಗೆದುಕೊಳ್ಳಬಾರದು ಎಂದು ಎಲ್ಲಿಯೂ ಇಲ್ಲ. ಆ ಚಳವಳಿಯ ಮುಖ್ಯ ಪರವಾನಗಿಯಾದ ಜಿಪಿಎಲ್‌ನ 2007ರ ಮೂರನೇ ಆವೃತ್ತಿಯ ಎರಡು ಕಲಮುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಪ್ರತಿಯೊಂದಕ್ಕೆ ಎಷ್ಟು ಬೆಲೆಯಾದರೂ ಕೇಳಬಹುದು, ಬೆಂಬಲ ಸೇವೆಗೂ ಖಾತರಿಗೂ ಹಣ ಪಡೆಯಬಹುದು ಎನ್ನುತ್ತದೆ 4ನೇ ಕಲಮು. ಪರವಾನಗಿ ಕೊಟ್ಟ ಹಕ್ಕುಗಳನ್ನು ಚಲಾಯಿಸಿದ್ದಕ್ಕೆ ರಾಯಧನ ಕೇಳುವಂತಿಲ್ಲ ಎನ್ನುತ್ತದೆ 10ನೇ ಕಲಮು. ಕೆಲಸಕ್ಕೆ ಬೆಲೆ ಇದೆ, ಹಕ್ಕಿಗೆ ಸುಂಕ ಇಲ್ಲ. ಮುಕ್ತ ತಂತ್ರಾಂಶ ಬರೆಯುವವರಿಗೆ ವ್ಯಾಪಾರಸ್ಥರು ಹಣ ಕೊಡಲೇಬೇಕು, ಆದರೆ ಬಳಕೆಯ ಮೇಲಿನ ಸುಂಕವಾಗಿ ಬೇಡ, ಗಂಟೆ ಎಣಿಸಿ ಬರೆದ ಕರಾರಿನ ಕೂಲಿಯಾಗಿ ಕೊಡಬೇಕು ಎಂಬುದೇ ನಮ್ಮ ನಿಲುವು. ಉಳಿದ ದಾರಿಗಳು ಎಲ್ಲಿ ಸರಿ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ನೋಡಿದರೆ ಈ ನಿಲುವಿಗೆ ಕಾರಣ ಗೊತ್ತಾಗುತ್ತದೆ.

ಕೂಲಿ ಇಲ್ಲದ ಕೆಲಸ ಹೇಗೆ ಮುರಿಯುತ್ತದೆ

ಬ್ಯಾಂಕಿನ ವೆಬ್‌ಸೈಟಿಗೂ ನಿಮ್ಮ ಕಂಪ್ಯೂಟರಿಗೂ ನಡುವೆ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಅದು ಎರಡು ವರ್ಷದಿಂದ ಕೋಡಿನಲ್ಲಿ ಕೂತಿತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಬಳಸುತ್ತಿದ್ದ ಆ ಯೋಜನೆಗೆ ಅಲ್ಲಿಯವರೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. 2021ರ ಡಿಸೆಂಬರ್‌ನಲ್ಲಿ ಸರ್ವರ್‌ಗಳಲ್ಲಿ ನಡೆದದ್ದನ್ನು ದಾಖಲಿಸುವ ಲಾಗ್4ಜೆ ಎಂಬ ಮುಕ್ತ ತಂತ್ರಾಂಶದ ದೋಷ ಹೊರಬಿದ್ದಾಗಲೂ ಅದನ್ನು ರಾತ್ರಿ ಹಗಲು ಸರಿಮಾಡಿದವರು ಸ್ವಯಂಸೇವಕರು.

2024ರ ಮಾರ್ಚ್‌ನ ಎಕ್ಸ್‌ಝಡ್ ಪ್ರಕರಣ ಇನ್ನೂ ಕಟುವಾದದ್ದು. ಫೈಲ್ ಕುಗ್ಗಿಸುವ ಆ ಸಣ್ಣ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದ ಅವರ ಮೇಲೆ "ಬೇಗ ಮಾಡಿ, ಇಲ್ಲವಾದರೆ ಬೇರೆಯವರಿಗೆ ಬಿಡಿ" ಎಂಬ ಒತ್ತಡ ಬಂತು. ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡುತ್ತ ನಂಬಿಕೆ ಗಳಿಸಿದ ಅಪರಿಚಿತನೊಬ್ಬ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿದ್ದರಿಂದ ಅದು ಹೆಚ್ಚು ಹರಡುವ ಮೊದಲೇ ಸಿಕ್ಕಿತು.

ಈ ಮೂರು ಜಿಲ್ಲೆಯವರಿಗೆ ನಿರ್ವಹಣೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಒಂದು ಚೈನಿನ ಮೇಲೆ ಎಷ್ಟು ಎಕರೆ ಭತ್ತ ನಿಂತಿದೆ ಎಂಬುದು ಎಲ್ಲರಿಗೂ ಕಂಡಿತು.

ದೇಣಿಗೆ: ಬುಡದಲ್ಲಿರುವ ತಂತ್ರಾಂಶಗಳಿಗೆ

ಬಿಲ್ಲಿನ ಮೇಲೆ "ಅಕ್ಕಿ", "ನುಚ್ಚು" ಎಂದು ಅಚ್ಚಾಗುವಾಗ ಒತ್ತಕ್ಷರ ತನ್ನ ಜಾಗದಲ್ಲಿ ಸರಿಯಾಗಿ ಕೂರಬೇಕಲ್ಲ, ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದಿದೆ. ಇಂಥವನ್ನು ಬರೆಯುವವರಿಗೂ ಸಿಂಧನೂರಿನ ಮಿಲ್ಲಿಗೂ ನೇರ ಸಂಬಂಧ ಇರುವುದಿಲ್ಲ, ಕರಾರು ಮಾಡಿಕೊಳ್ಳುವುದು ಆಗದ ಮಾತು. ಅಲ್ಲಿ ದೇಣಿಗೆಯೇ ದಾರಿ.

ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡುವವರೂ ಇದ್ದಾರೆ. ಬೆಂಗಳೂರಿನ ಷೇರು ದಲಾಲಿ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶಗಳಿಗಾಗಿ ಫ್ಲಾಸ್ ಫಂಡ್ ಎಂಬ ನಿಧಿ ಶುರುಮಾಡಿ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟಿತು. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ ಕೊಡುತ್ತದೆ. ಅರ್ಜಿ ಹಾಕಬೇಕಾದರೆ ನಿಮ್ಮ ಯೋಜನೆಯ ಕೋಡಿನ ಜತೆ "ಫಂಡಿಂಗ್ ಡಾಟ್ ಜೇಸನ್" ಎಂಬ ಫೈಲ್ ಇಟ್ಟು ಯಾರಿಗೆ, ಎಷ್ಟು, ಯಾತಕ್ಕೆ ಎಂದು ಬರೆಯಬೇಕು. ಅದೇ ತಿಂಗಳು ಸೆಂಟ್ರಿ ಕಂಪನಿ ಮುಂದೆ ನಿಂತು ಆರಂಭಿಸಿದ ಓಪನ್ ಸೋರ್ಸ್ ಪ್ಲೆಡ್ಜ್, ಪ್ರತಿ ಕಂಪನಿಯೂ ತನ್ನಲ್ಲಿರುವ ಒಬ್ಬೊಬ್ಬ ಡೆವಲಪರ್ ಲೆಕ್ಕಕ್ಕೆ ವರ್ಷಕ್ಕೆ ಕನಿಷ್ಠ 2,000 ಡಾಲರ್ ಕೊಡಲಿ ಎನ್ನುತ್ತದೆ.

ಕೊಡುವವರಿಗೆ ಒಂದು ವ್ಯಾವಹಾರಿಕ ಸೂಚನೆ: ತಿಂಗಳು ತಿಂಗಳು ಕಾರ್ಡಿನಿಂದ ಕಡಿತವಾಗುವಂತೆ ಹಾಕಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ವಿದೇಶಿ ತಾಣಗಳ ಇಂಥ ಕಂತುಗಳು ಸದ್ದಿಲ್ಲದೆ ವಿಫಲವಾಗುವುದುಂಟು. ವರ್ಷಕ್ಕೊಮ್ಮೆ ಒಟ್ಟಿಗೆ ಕೊಡುವುದು ಇಬ್ಬರಿಗೂ ನೆಮ್ಮದಿ.

ದೇಣಿಗೆಯ ದೌರ್ಬಲ್ಯ ಓಪನ್‌ಎಸ್‌ಎಸ್‌ಎಲ್ ಲೆಕ್ಕದಲ್ಲೇ ಇದೆ. ಕೊಟ್ಟವರಿಗೆ ತಮ್ಮ ದೋಷ ಸರಿಮಾಡಿಸಿಕೊಳ್ಳುವ ಹಕ್ಕಿಲ್ಲ, ಪಡೆದವರಿಗೆ ಮುಂದಿನ ವರ್ಷ ಬರುತ್ತದೆಂಬ ಭರವಸೆ ಇಲ್ಲ. ಗಂಗಾವತಿ, ಕಾರಟಗಿಯ ನಲವತ್ತು ಐವತ್ತು ಮಿಲ್ಲುಗಳಿಗಾಗಿ ತಂತ್ರಾಂಶ ಬರೆದವರು ಪರದೆಯ ಮೂಲೆಯಲ್ಲಿ ಯುಪಿಐ ಚಿತ್ರ ಹಾಕಿ ಕೂತರೆ ಸಂಸಾರ ನಡೆಯುವುದಿಲ್ಲ. ಬಳಸುವವರು ಕೆಲವೇ ಮಂದಿ, ಅವರ ಹೆಸರು ಫೋನು ನಿಮಗೆ ಗೊತ್ತು. ಅಂಥಲ್ಲಿ ದೇಣಿಗೆ ಕೇಳುವುದಕ್ಕಿಂತ ಬಿಲ್ ಕೊಡುವುದು ಗೌರವದ ದಾರಿ.

"ವ್ಯಾಪಾರಕ್ಕಾದರೆ ಹಣ" ಎಂಬ ಷರತ್ತು

ಹೆಚ್ಚಿನವರಿಗೆ ಮೊದಲು ಹೊಳೆಯುವುದು ಇದು. ಪಾಲಿಫಾರ್ಮ್ ನಾನ್‌ಕಮರ್ಷಿಯಲ್‌ನಂಥ ಸಿದ್ಧ ಪಠ್ಯಗಳೂ ಇವೆ. ನಾವು ಇದನ್ನು ಬೇಡ ಎನ್ನುತ್ತೇವೆ.

ವ್ಯಾಪಾರ ಯಾವುದು ಎಂಬಲ್ಲಿಂದಲೇ ಕಷ್ಟ ಶುರು. ರೈತ ಉತ್ಪಾದಕ ಕಂಪನಿ ಭತ್ತ ಕೊಂಡು ಮಾರಿದರೆ? ಕೃಷಿ ವಿಶ್ವವಿದ್ಯಾಲಯ ತನ್ನ ಬೀಜ ಮಾರಾಟಕ್ಕೆ ಬಳಸಿದರೆ? ಸ್ವಸಹಾಯ ಸಂಘದ ಹೆಣ್ಣುಮಕ್ಕಳು ರೊಟ್ಟಿ ಮಾರಿದರೆ? ಒಂದೊಂದಕ್ಕೂ ಫೋನ್ ಬರುತ್ತದೆ. ಹೆದರಿದ ಸಣ್ಣವರು ಬಳಸುವುದನ್ನೇ ಬಿಡುತ್ತಾರೆ, ಹೆದರದವರು ಹೇಳದೆ ಬಳಸುತ್ತಾರೆ. ಹೀಗೆ ಹೇಳದೆ ಬಳಸಿದವರಿಂದ ಹತ್ತು ಸಾವಿರ ವಸೂಲಿ ಮಾಡಲು ದಾವೆ ಹೂಡಿದರೆ ವಕೀಲರ ಶುಲ್ಕವೇ ಅದಕ್ಕಿಂತ ಹೆಚ್ಚಾಗುತ್ತದೆ. ತಂತ್ರಾಂಶದ ಒಳಗೇ ಎಣಿಕೆ ಯಂತ್ರ ಇಟ್ಟು ಇಂಟರ್ನೆಟ್ ಮೂಲಕ ವರದಿ ತರಿಸಿದರೆ, ಸುಗ್ಗಿಯ ದಿನ ನೆಟ್ ಹೋದಾಗ ಬಿಲ್ಲೇ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಎಂದರೆ ಜಿಪಿಎಲ್ ಪಠ್ಯದ ಕೆಳಗೆ "ವ್ಯಾಪಾರಿಗಳು ಹಣ ಕೊಡಬೇಕು" ಎಂದು ಒಂದು ಸಾಲು ಸೇರಿಸುವುದು. ಇಂಥ ಹೆಚ್ಚುವರಿ ನಿರ್ಬಂಧವನ್ನು ಪಡೆದವರು ಕಿತ್ತುಹಾಕಬಹುದು ಎಂದು 7ನೇ ಕಲಮು ಹೇಳುತ್ತದೆ. ಸ್ವತಃ ಲೇಖಕನೇ ಸೇರಿಸಿದ ಸಾಲಿಗೂ ಅದು ಅನ್ವಯಿಸುತ್ತದೆಯೇ ಎಂಬುದರ ಮೇಲೆ ಅಮೆರಿಕದಲ್ಲಿ ವ್ಯಾಜ್ಯ ನಡೆದಿದೆ. ಬೇರೆಯವರ ಜಿಪಿಎಲ್ ಕೋಡ್ ನಿಮ್ಮದರಲ್ಲಿ ಬೆರೆತಿದ್ದರಂತೂ ಆ ಸಾಲು ಹಾಕುವ ಹಕ್ಕೇ ನಿಮಗಿಲ್ಲ.

ಸರ್ವರ್‌ಗಳ ತಂತ್ರಾಂಶ ಮಾಡುವ ದೊಡ್ಡ ಕಂಪನಿಗಳು ಈ ಕಡೆ ಹೋಗಿದ್ದಕ್ಕೆ ಕಾರಣ ಬೇರೆ. ಮೊಂಗೊಡಿಬಿ 2018ರಲ್ಲಿ, ಇಲಾಸ್ಟಿಕ್ 2021ರಲ್ಲಿ, ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ, ರೆಡಿಸ್ 2024ರ ಮಾರ್ಚ್‌ನಲ್ಲಿ ಪರವಾನಗಿ ಬಿಗಿ ಮಾಡಿದವು. ಅವರ ತಂತ್ರಾಂಶವನ್ನು ಬಾಡಿಗೆ ಸೇವೆಯಾಗಿ ಮಾರಿ ಹಣ ಮಾಡಬಲ್ಲ ಕ್ಲೌಡ್ ಕಂಪನಿಗಳು ಎದುರಿಗಿದ್ದವು. ಆದದ್ದೇನು? ಇಲಾಸ್ಟಿಕ್‌ನ ಕೋಡಿನಿಂದ ಓಪನ್‌ಸರ್ಚ್, ಹ್ಯಾಶಿಕಾರ್ಪ್‌ನ ಟೆರಾಫಾರ್ಮ್‌ನಿಂದ ಓಪನ್‌ಟೋಫು, ರೆಡಿಸ್‌ನಿಂದ ವಾಲ್ಕೀ ಎಂದು ಹಳೆಯ ಮುಕ್ತ ಕೋಡ್ ಹಿಡಿದು ಬೇರೆ ಕವಲುಗಳು ಹೊರಟವು. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ (ಜಿಪಿಎಲ್‌ನ ಸರ್ವರ್ ಬಳಕೆಯ ರೂಪ) ಆಯ್ಕೆಯನ್ನು ಕೊಟ್ಟು ಮುಕ್ತ ದಾರಿಗೆ ಮರಳಿದವು. ಕೊಪ್ಪಳದ ಡೆವಲಪರ್‌ಗೆ ಎದುರಿರುವುದು ಅಮೆಜಾನ್ ಅಲ್ಲ, ಪಕ್ಕದ ಬೀದಿಯ ಕಂಪ್ಯೂಟರ್ ಅಂಗಡಿ. ಅಂಗಡಿಯವರು ನಿಮ್ಮ ಕೋಡ್ ನಕಲು ಮಾಡಿ ಬೇರೆ ಮಿಲ್ಲಿಗೆ ಹಾಕಿಕೊಟ್ಟರೂ ಜಿಪಿಎಲ್ ಪ್ರಕಾರ ಮೂಲ ಕೋಡ್ ಕೊಡಲೇಬೇಕು. ಅವರು ಮಾಡಿದ ತಿದ್ದುಪಡಿ ನಿಮ್ಮ ಕೈಗೂ ಬಂದು ಸೇರುವ ದಾರಿ ತೆರೆದಿರುತ್ತದೆ. ನಿಮ್ಮ ತಂತ್ರಾಂಶದ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದ್ದರೆ ಆ ಹೆಸರಿನಲ್ಲಿ ಮಾರುವಂತಿಲ್ಲ. ಅಷ್ಟು ರಕ್ಷಣೆ ಸಾಕು.

ಜೋಡಿ ಪರವಾನಗಿ: ಕೆಲವರಿಗೆ ಮಾತ್ರ, ಅವರಿಗೆ ತುಂಬಾ ಚೆನ್ನ

ಒಂದೇ ಕೋಡನ್ನು ಎಲ್ಲರಿಗೂ ಜಿಪಿಎಲ್ ಅಡಿ ಕೊಡುವುದು, ಹಂಚುವಾಗ ಮೂಲ ಕೋಡನ್ನೂ ಕೊಡಬೇಕೆಂಬ ಜಿಪಿಎಲ್ ಷರತ್ತು ಬೇಡ ಎನ್ನುವವರಿಗೆ ಹಣ ಪಡೆದು ಬೇರೆ ಪರವಾನಗಿ ಕೊಡುವುದು. ಮೈಎಸ್‌ಕ್ಯುಎಲ್ ಡೇಟಾಬೇಸ್ ಮತ್ತು ಕ್ಯೂಟಿ ಎಂಬ ಲೈಬ್ರರಿ (ಬೇರೆ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಬೆಳೆದದ್ದು ಹೀಗೆ. ಇಲ್ಲಿ ಸ್ವಾತಂತ್ರ್ಯಕ್ಕೆ ಧಕ್ಕೆ ಇಲ್ಲ. ತನ್ನ ಕೋಡ್ ಮುಚ್ಚಿಡಲು ಬಯಸುವವನು ಅದಕ್ಕೆ ಬೆಲೆ ಕೊಡುತ್ತಾನೆ.

ಇದು ನಡೆಯುವುದು ನಿಮ್ಮದು ಬೇರೆಯವರ ಉತ್ಪನ್ನದೊಳಗೆ ಹೋಗಿ ಕೂರುವ ಲೈಬ್ರರಿ ಆಗಿದ್ದಾಗ ಮಾತ್ರ. ವೇಬ್ರಿಜ್ ಇದಕ್ಕೆ ಒಳ್ಳೆಯ ಉದಾಹರಣೆ. ಲಾರಿ ತೂಗುವ ಇಂಡಿಕೇಟರ್‌ನಿಂದ ಆರ್‌ಎಸ್-232 ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ತೂಕ ಬರುತ್ತದೆ. ಒಂದು ಕಂಪನಿಯದು ಸೆಕೆಂಡಿಗೆ 2400 ಬಿಟ್ ವೇಗದಲ್ಲಿ ಕಳಿಸಿದರೆ ಇನ್ನೊಂದು 9600ರಲ್ಲಿ, ಒಂದು ತೂಕದ ಹಿಂದೆ ಸೊನ್ನೆ ತುಂಬಿದರೆ ಇನ್ನೊಂದು ಖಾಲಿ ಜಾಗ. ಲಾರಿ ಇನ್ನೂ ಅಲುಗುತ್ತಿರುವಾಗಿನ ಅಂಕಿಯನ್ನು ಬಿಟ್ಟು ನಿಂತ ತೂಕವನ್ನಷ್ಟೇ ಹಿಡಿಯಬೇಕು. ಇಪ್ಪತ್ತು ಬಗೆಯ ಇಂಡಿಕೇಟರ್ ಓದುವ ಲೈಬ್ರರಿಯನ್ನು ನೀವು ಜಿಪಿಎಲ್‌ನಲ್ಲಿ ಬಿಟ್ಟರೆ, ಮುಚ್ಚಿದ ವೇಬ್ರಿಜ್ ತಂತ್ರಾಂಶ ಮಾರುವವರು ಅದನ್ನು ಸೇರಿಸಿಕೊಳ್ಳಲು ನಿಮ್ಮ ಬಳಿ ಬರಲೇಬೇಕು. ಮಿಲ್ಲಿನ ಮಾಲೀಕರು ಮಾತ್ರ ಇಂಥ ಎರಡನೇ ಪರವಾನಗಿ ಕೊಳ್ಳುವುದಿಲ್ಲ, ಅವರು ಯಾರಿಗೂ ತಂತ್ರಾಂಶ ಹಂಚುವವರಲ್ಲ, ಜಿಪಿಎಲ್ ಅವರನ್ನು ಏನೂ ಕೇಳುವುದಿಲ್ಲ.

ಇಲ್ಲಿ ಎಡವುವುದು ಕೃತಿಸ್ವಾಮ್ಯದಲ್ಲಿ. ಎರಡನೇ ಪರವಾನಗಿ ಕೊಡಬೇಕಾದರೆ ಪ್ರತಿ ಸಾಲಿನ ಹಕ್ಕೂ ನಿಮ್ಮಲ್ಲಿರಬೇಕು. ಗೆಳೆಯನೊಬ್ಬ ಐವತ್ತು ಸಾಲು ಬರೆದುಕೊಟ್ಟಿದ್ದರೆ ಅದರ ಹಕ್ಕು ಅವನದೇ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಗುತ್ತಿಗೆಗೆ ಬರೆದುಕೊಟ್ಟವನದು ಹಾಗಲ್ಲ, ಲಿಖಿತವಾಗಿ ವರ್ಗಾಯಿಸುವವರೆಗೆ ಅವನಲ್ಲೇ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಲ್ಲಿ ಮೂರು ಬಲೆಗಳಿವೆ. ಅವಧಿ ಬರೆಯದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ರೀತಿ ಹೇಳದೆ ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ ವರ್ಗಾವಣೆಯೇ ಬಿದ್ದುಹೋಗುತ್ತದೆ. ಹಾಗಾಗಿ ಪತ್ರದಲ್ಲಿ "ಕೃತಿಸ್ವಾಮ್ಯದ ಪೂರ್ಣಾವಧಿಗೆ, ಇಡೀ ಜಗತ್ತಿಗೆ, 19(4)ನೇ ಕಲಮು ಅನ್ವಯಿಸದಂತೆ" ಎಂಬ ಮೂರೂ ಮಾತು ಇರಲಿ. ಮೊದಲ ಸಾಲು ಸೇರಿಸಿಕೊಳ್ಳುವ ಮೊದಲೇ ಸಹಿ ಹಾಕಿಸಿ. ಹೊಳೆ ದಾಟಿದ ಮೇಲೆ ಹುಡುಕಿಕೊಂಡು ಹೋದರೆ ಗೆಳೆಯ ಬೆಂಗಳೂರಿನ ಕಂಪನಿಯಲ್ಲಿರುತ್ತಾನೆ, ಅವನ ಹೊಸ ಕಂಪನಿಯ ಕರಾರು ಬೇರೆಯೇ ಹೇಳುತ್ತಿರುತ್ತದೆ.

ವರ್ಷದ ಕರಾರು: ಇಲ್ಲಿಗೆ ಹೊಂದುವ ದಾರಿ

ಕೋಡ್ ಮುಕ್ತ, ಕೆಲಸಕ್ಕೆ ಹಣ. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಈ ದಾರಿಯಲ್ಲೇ ದೊಡ್ಡದಾಯಿತು, 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರಿಗೆ ಕೊಂಡಿತು. ಮುಂಬೈನ ಫ್ರಾಪೆ ಕಂಪನಿ ವ್ಯಾಪಾರದ ಲೆಕ್ಕ ನಡೆಸುವ ತನ್ನ ಇಆರ್‌ಪಿನೆಕ್ಸ್ಟ್ ಅನ್ನು ಜಿಪಿಎಲ್‌ನಲ್ಲಿ ಕೊಟ್ಟು ಹೋಸ್ಟಿಂಗ್ ಮತ್ತು ಬೆಂಬಲದಿಂದ ದುಡಿಯುತ್ತದೆ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಯಾವ ಕಟ್ಟೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದು, ಆದರೂ ಅದರ ತಂಡ ಬೆಂಬಲದ ಕರಾರುಗಳಿಂದ ನಡೆಯುತ್ತಿದೆ. ನಮಗೆ ಬೇಕಾದ್ದು ಇದೇ ಲೆಕ್ಕದ ಸಣ್ಣ ರೂಪ.

ಮೊದಲು ಗಂಟೆಯ ದರ. ಒಬ್ಬ ಡೆವಲಪರ್‌ಗೆ ವರ್ಷಕ್ಕೆ 6 ಲಕ್ಷ ಬೇಕು, ಯುಪಿಎಸ್, ಇಂಟರ್ನೆಟ್, ಸರ್ವರ್, ಬೈಕಿನ ಪೆಟ್ರೋಲಿಗೆ 1 ಲಕ್ಷ ಎಂದಿಟ್ಟುಕೊಳ್ಳಿ. ವರ್ಷದಲ್ಲಿ 1,800 ಗಂಟೆ ದುಡಿದರೂ ಬಿಲ್ ಮಾಡಬಹುದಾದದ್ದು 1,100 ಗಂಟೆ ಎಂದೇ ಹಿಡಿಯಬೇಕು, ಉಳಿದದ್ದು ಓಡಾಟ, ಫೋನು, ಕಲಿಕೆಗೆ ಹೋಗುತ್ತದೆ. 7 ಲಕ್ಷವನ್ನು 1,100ರಿಂದ ಭಾಗಿಸಿದರೆ 636, ಅಂದರೆ ಗಂಟೆಗೆ 650 ರೂಪಾಯಿ. ಹೊಸಬರು ಇಲ್ಲೇ ತಪ್ಪುತ್ತಾರೆ. ತಿಂಗಳ ಸಂಬಳವನ್ನು 200 ಗಂಟೆಗೆ ಭಾಗಿಸಿ 250 ಎಂದು ಹೇಳಿ, ಮೂರನೇ ತಿಂಗಳಿಗೆ ಸುಸ್ತಾಗುತ್ತಾರೆ.

ಇನ್ನು ಕರಾರಿನ ಮೊತ್ತ. 25 ಮಿಲ್ಲುಗಳಿವೆ ಎನ್ನಿ. ಎಲ್ಲರಿಗೂ ಸಮಾನವಾದ ಕೆಲಸ, ಅಂದರೆ ತೆರಿಗೆ ಬದಲಾವಣೆ, ಭದ್ರತೆಯ ತಿದ್ದುಪಡಿ, ಹೊಸ ಆವೃತ್ತಿಯ ಪರೀಕ್ಷೆ, ಕೈಪಿಡಿ, ವರ್ಷಕ್ಕೆ 300 ಗಂಟೆ. ಅದು 1,95,000 ರೂಪಾಯಿ, ಮಿಲ್ಲಿಗೆ 7,800. ಒಂದೊಂದು ಮಿಲ್ಲಿನ ಸ್ವಂತ ದೂರುಗಳಿಗೆ 10 ಗಂಟೆ, 6,500. ಒಟ್ಟು 14,300. 25 ಮಿಲ್ಲಿನಿಂದ 3,57,500 ಬರುತ್ತದೆ, 550 ಗಂಟೆ ಹೋಗುತ್ತದೆ. ಉಳಿದ 550 ಗಂಟೆ ಹೊಸ ಅಳವಡಿಕೆಗೆ. ಒಂದು ಮಿಲ್ಲಿಗೆ ಮೊದಲ ಸಲ ಹಾಕಿಕೊಡುವುದು 40 ಗಂಟೆಯ ಕೆಲಸ: ಹಳೆಯ ಸ್ಟಾಕ್ ಏರಿಸುವುದು, 75 ಕೆಜಿ ಚೀಲದ ದರವನ್ನೂ ಕ್ವಿಂಟಲ್ ದರವನ್ನೂ ಹೊಂದಿಸುವುದು, ತೇವಾಂಶದ ಕಡಿತ ಮತ್ತು ಹಮಾಲಿ ಲೆಕ್ಕ, ಪ್ರಿಂಟರ್, ಗುಮಾಸ್ತರಿಗೆ ತರಬೇತಿ. ಇದಕ್ಕೆ 26,000 ರೂಪಾಯಿ. ಅಕ್ಕಿಯ ಜತೆ ನುಚ್ಚು, ತೌಡು, ಹೊಟ್ಟಿನ ಇಳುವರಿಯೂ ತಾಳೆಯಾಗುವವರೆಗೆ ಅಳವಡಿಕೆ ಮುಗಿಯಿತು ಎನ್ನಬೇಡಿ.

ಈ 300 ಗಂಟೆಯನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ. ಕೋಡಿನ ನಿರ್ವಹಣೆಗೆ ಎಲ್ಲರೂ ಪಾಲು ಹಾಕುತ್ತಿದ್ದಾರೆ ಎಂಬುದು ಗಿರಾಕಿಗೆ ಕಾಣಬೇಕು. ಅದನ್ನು ಬಚ್ಚಿಟ್ಟು ಬರೀ "ಸರ್ವಿಸ್ ಚಾರ್ಜ್" ಎಂದರೆ, ದೂರು ಬರದ ವರ್ಷ "ಈ ಸಲ ನೀವು ಬಂದೇ ಇಲ್ಲ" ಎಂದು ಅರ್ಧ ಕಡಿಯುತ್ತಾರೆ.

ಕರಾರಿನಲ್ಲಿ ಬರೆಯಬೇಕಾದ ವಿಷಯಗಳಲ್ಲಿ ಮೊದಲನೆಯದು ಸಮಯದ ಮಿತಿ. ಸುಗ್ಗಿಯಲ್ಲಿ ಬಿಲ್ ಹಾಕುವುದೇ ನಿಂತರೆ 4 ಗಂಟೆಯೊಳಗೆ ಕೈಹಾಕುವುದು, ಉಳಿದದ್ದಕ್ಕೆ 3 ಕೆಲಸದ ದಿನ. 10 ಗಂಟೆ ಮೀರಿದರೆ ಗಂಟೆಗೆ 650. ಸುಗ್ಗಿ ನಡೆದಿರುವಾಗ ತೆರಿಗೆ ಮತ್ತು ಭದ್ರತೆ ಬಿಟ್ಟು ಬೇರೆ ಯಾವ ಹೊಸ ಆವೃತ್ತಿಯೂ ಹಾಕುವುದಿಲ್ಲ ಎಂಬ ಮಾತು. ಜಿಪಿಎಲ್‌ನ 15, 16ನೇ ಕಲಮುಗಳು ಯಾವ ಖಾತರಿಯೂ ಇಲ್ಲ, ನಷ್ಟದ ಹೊಣೆಯೂ ಇಲ್ಲ ಎನ್ನುತ್ತವೆ. ನೀವು ಹಣ ಪಡೆದು ಕೊಡುವ ಖಾತರಿ ಎಷ್ಟು ಎಂಬುದನ್ನು ಕರಾರಿನಲ್ಲೇ ಕಟ್ಟಿ, ವರ್ಷದ ಮೊತ್ತವೇ ಗರಿಷ್ಠ ಹೊಣೆ ಎಂದು ಬರೆಯಿರಿ.

ಬ್ಯಾಕಪ್ ಯಾರ ಹೊಣೆ ಎಂದು ಬರೆಯದ ಕರಾರು ಜಗಳಕ್ಕೆ ಕೊಟ್ಟ ಆಮಂತ್ರಣ. ದಿನಕ್ಕೊಂದು ಪ್ರತಿ ಅದೇ ಹಾರ್ಡ್‌ಡಿಸ್ಕಿನಲ್ಲಿ ಬೀಳುತ್ತಿದ್ದರೆ ಅದು ಬ್ಯಾಕಪ್ ಅಲ್ಲ, ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಯಾವಾಗಲೂ ಚುಚ್ಚಿಯೇ ಇರುವ ಪೆನ್‌ಡ್ರೈವ್ ಕೂಡ ಬೇಡ, ಹಣಕ್ಕಾಗಿ ಫೈಲುಗಳನ್ನು ಒತ್ತೆ ಇಡುವ ರ‍್ಯಾನ್ಸಮ್‌ವೇರ್ ಬಂದರೆ ಅದಕ್ಕೂ ಬೀಗ ಹಾಕುತ್ತದೆ. ಎರಡು ಡ್ರೈವ್ ಇಟ್ಟು ವಾರಕ್ಕೊಂದನ್ನು ಮನೆಗೆ ಒಯ್ಯುವುದು, ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಪ್ರತಿಯನ್ನು ತೆರೆದು ಕೊನೆಯ ಬಿಲ್ ನಂಬರ್ ತಾಳೆ ನೋಡುವುದು ಮಿಲ್ಲಿನವರ ಕೆಲಸ. ತೆರೆಯದಿದ್ದರೆ ಸರಿಮಾಡುವುದು ಡೆವಲಪರ್ ಕೆಲಸ.

ಈ ದಾರಿಯನ್ನು ಹಾಳುಮಾಡುವುದು ಒಂದೊಂದು ಮಿಲ್ಲಿಗೆ ಒಂದೊಂದು ಕೋಡ್. ಒಬ್ಬರಿಗೆ ಹಮಾಲಿ ಚೀಲಕ್ಕೆ, ಇನ್ನೊಬ್ಬರಿಗೆ ಕ್ವಿಂಟಲಿಗೆ ಬೇಕು ಎಂದಾಗ ಅಲ್ಲೇ ಕೂತು ಅವರ ಪ್ರತಿಯಲ್ಲಿ ತಿದ್ದಿ ಬಂದರೆ, ಎರಡು ವರ್ಷಕ್ಕೆ 25 ಬೇರೆ ತಂತ್ರಾಂಶಗಳಾಗುತ್ತವೆ. ಸೆಪ್ಟೆಂಬರ್ 22ರಂಥ ದಿನ 25 ಕಡೆ ತಿದ್ದಬೇಕಾಗುತ್ತದೆ. ಯಾರು ಏನೇ ಕೇಳಿದರೂ ಅದು ಮುಖ್ಯ ಕೋಡಿನಲ್ಲಿ ಒಂದು ಸೆಟ್ಟಿಂಗ್ ಆಗಿ ಬರಬೇಕು. "ನಾನು ರೊಕ್ಕ ಕೊಟ್ಟು ಮಾಡಿಸಿದ್ದು ಬೇರೆಯವರಿಗೂ ಹೋಗುತ್ತದಲ್ಲ" ಎಂದು ಸಾಹುಕಾರರು ಕೇಳುತ್ತಾರೆ. ಹೌದು, ಹೋಗುತ್ತದೆ, ಬೇರೆಯವರು ಮಾಡಿಸಿದ್ದು ಅವರಿಗೂ ಬರುತ್ತದೆ ಎಂಬುದನ್ನು ಮೊದಲ ದಿನವೇ ಹೇಳಿ.

ಜಿಪಿಎಲ್ಲೋ ಎಜಿಪಿಎಲ್ಲೋ ಎಂಬ ಆಯ್ಕೆ ಸುಲಭ. ಮಿಲ್ಲಿನ ಸ್ವಂತ ಕಂಪ್ಯೂಟರಿನಲ್ಲಿ ಓಡುವುದಾದರೆ ಜಿಪಿಎಲ್ ಸಾಕು. ಸರ್ವರ್‌ನಲ್ಲಿಟ್ಟು ಹಲವರಿಗೆ ಬ್ರೌಸರ್ ಮೂಲಕ ಕೊಡುವಂಥದ್ದಾದರೆ ಎಜಿಪಿಎಲ್ ಇರಲಿ. ಅದರ 13ನೇ ಕಲಮಿನಂತೆ, ತಿದ್ದಿದ ಪ್ರತಿಯನ್ನು ನೆಟ್‌ವರ್ಕ್ ಮೇಲೆ ನಡೆಸುವವರು ಬಳಸುವವರಿಗೆ ಮೂಲ ಕೋಡ್ ಒದಗಿಸಲೇಬೇಕು.

ಕೊಡುವವರ ಕಡೆಯಿಂದ

ಮಿಲ್ಲಿಗೆ ಇದರಲ್ಲಿ ಏನು ಲಾಭ? ಡೆವಲಪರ್ ಊರು ಬಿಟ್ಟು ಹೋದರೂ ಲೆಕ್ಕ ನಿಲ್ಲುವುದಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಸಣ್ಣ ಮಾತಲ್ಲ, ಕೋಡ್ ಬರೆಯಬಲ್ಲ ಹುಡುಗರು ಹುಡುಗಿಯರು ಎಲ್ಲಿಗೆ ಹೋಗುತ್ತಾರೆಂದು ಎಲ್ಲರಿಗೂ ಗೊತ್ತು. ಮುಚ್ಚಿದ ತಂತ್ರಾಂಶವಾದರೆ ಅವರ ಹಿಂದೆಯೇ ಬೀಗದ ಕೈಯೂ ಹೋಗುತ್ತದೆ. ಮುಕ್ತವಾದರೆ ಇನ್ನೊಬ್ಬರನ್ನು ಕರೆದು ಕೂರಿಸಬಹುದು. ಅದಕ್ಕಾಗಿ ಪ್ರತಿ ವರ್ಷ ಕರಾರು ನವೀಕರಿಸುವಾಗ ಮೂರು ವಸ್ತು ಕೈಗೆ ತೆಗೆದುಕೊಳ್ಳಿ: ಆ ದಿನ ಓಡುತ್ತಿರುವ ಆವೃತ್ತಿಯ ಪೂರ್ತಿ ಮೂಲ ಕೋಡ್, ಡೇಟಾಬೇಸಿನ ಪ್ರತಿ, ಎಲ್ಲ ಪಾಸ್‌ವರ್ಡ್ ಬರೆದು ಮುಚ್ಚಿದ ಲಕೋಟೆ.

ತೆರಿಗೆಯ ಲೆಕ್ಕ ಸ್ವಲ್ಪ ಗಮನ ಬೇಡುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಡೆವಲಪರ್ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಮೇಲಿನ ಲೆಕ್ಕದವರು ಅದರೊಳಗೇ ಬರುತ್ತಾರೆ. ನೋಂದಣಿ ಇದ್ದವರು ಶೇ 18 ಸೇರಿಸಿದರೆ 14,300ಕ್ಕೆ 2,574 ಕೂಡಿ 16,874 ಆಗುತ್ತದೆ. 25 ಕೆಜಿ ದಾಟಿದ ಚೀಲದ ಅಕ್ಕಿಗೆ 2022ರ ಜುಲೈ 18ರ ನಿಯಮದಂತೆ ತೆರಿಗೆ ಇಲ್ಲ. ಹಾಗಾಗಿ ಬರೀ 26 ಕೆಜಿ ಚೀಲ ಮಾರುವ ಮಿಲ್ಲಿಗೆ ಈ 2,574 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಬರುವುದಿಲ್ಲ, ಅದು ನೇರ ಖರ್ಚು. ಬಳ್ಳಾರಿಯ ಜೀನ್ಸ್ ಘಟಕಕ್ಕಾದರೆ ಬರುತ್ತದೆ. ದರ ಮಾತಾಡುವಾಗ ಇಬ್ಬರಿಗೂ ಈ ವ್ಯತ್ಯಾಸ ತಿಳಿದಿರಲಿ.

ಬಿಲ್ಲಿನಲ್ಲಿ "ಲೈಸೆನ್ಸ್ ಫೀ" ಎಂದು ಬರೆಯಬೇಡಿ, "ತಾಂತ್ರಿಕ ಸೇವೆ, ವಾರ್ಷಿಕ ನಿರ್ವಹಣೆ" ಎಂದು ಬರೆಯಿರಿ. ಜಿಪಿಎಲ್‌ಗೆ ಲೈಸೆನ್ಸ್ ಫೀ ಎಂಬುದೇ ಇಲ್ಲ. ಟಿಡಿಎಸ್ ಕಡಿಯುವ ಮೊತ್ತವಾದಾಗಲೂ ತಾಂತ್ರಿಕ ಸೇವೆಗೆ ಶೇ 2, ರಾಯಧನ ಎಂದಾದರೆ ಶೇ 10. ಒಬ್ಬರಿಗೆ ವರ್ಷಕ್ಕೆ 50,000 ದಾಟದಿದ್ದರೆ ಆ ಪ್ರಶ್ನೆಯೇ ಬರುವುದಿಲ್ಲ. ವಿದೇಶದಿಂದ ಕೆಲಸ ಬಂದರೆ ಅದನ್ನೂ ದೇಣಿಗೆ ಎನ್ನದೆ ಇನ್‌ವಾಯ್ಸ್ ಕೊಟ್ಟು ಪಡೆಯಿರಿ, ಬ್ಯಾಂಕಿನಲ್ಲಿ ಕೇಳುವ ಉದ್ದೇಶದ ಸಂಕೇತಕ್ಕೆ ತಂತ್ರಾಂಶ ಸಲಹೆ ಮತ್ತು ಅಳವಡಿಕೆಯ ಪಿ0802 ಬರೆಯಿರಿ. ಗೊತ್ತಿಲ್ಲದೆ ಉಡುಗೊರೆಯ ಸಂಕೇತ ಹಾಕಿದರೆ ಮುಂದೆ ಲೆಕ್ಕ ಪರಿಶೋಧಕರ ಮುಂದೆ ವಿವರಿಸುವುದು ಕಷ್ಟ.

ಕೊನೆಗೆ ವಸೂಲಿಯ ದಿನ. ಮಾರ್ಚ್ 31 ಎಂದು ಬರೆಯುವುದು ರೂಢಿ, ಆದರೆ ಆಗ ಮಿಲ್ಲಿನವರು ಬ್ಯಾಂಕಿನ ಲೆಕ್ಕದಲ್ಲಿ ಮುಳುಗಿರುತ್ತಾರೆ, ನವೆಂಬರ್ ಡಿಸೆಂಬರ್‌ನಲ್ಲಿ ಕೈಯಲ್ಲಿದ್ದ ಹಣವೆಲ್ಲ ಭತ್ತದ ಖರೀದಿಗೆ ಹೋಗಿರುತ್ತದೆ. 14,300ನ್ನು ಎರಡು ಕಂತು ಮಾಡಿ, ಮುಂಗಾರಿನ ಅಕ್ಕಿ ಮಾರಾಟವಾಗಿ ಹಣ ತಿರುಗುವ ಜನವರಿ ಕೊನೆಗೆ 7,150, ಎರಡನೇ ಬೆಳೆಯ ವಹಿವಾಟು ಇಳಿದ ಜೂನ್‌ನಲ್ಲಿ 7,150 ಎಂದು ಬರೆಯಿರಿ. ಎರಡೂ ಮುಂಗಡ. ಕಂತು 30 ದಿನ ತಡವಾದರೆ ಬೆಂಬಲ ನಿಲ್ಲುತ್ತದೆ, ತಂತ್ರಾಂಶ ಮಾತ್ರ ಓಡುತ್ತಲೇ ಇರುತ್ತದೆ ಎಂಬ ಸಾಲನ್ನು ಅದರ ಕೆಳಗೇ ಸೇರಿಸಿ ಇಬ್ಬರೂ ಸಹಿ ಹಾಕಿ.